ಮಿಸ್ಸೂರಿ ನುಂಗಿದ ಗವರ್ನರನ ಬೆನ್ನು ಹತ್ತಿ

ಮೊಂಟಾನಾದ ರಾಜಧಾನಿ ಹೆಲೆನಾದಲ್ಲಿ, ಶಾಸನಸಭೆಯ ಕಟ್ಟಡದ ಎದುರಿಗೇ, ಕತ್ತಿ ಎತ್ತಿ ಕುದುರೆ ಏರಿದ ಒಬ್ಬ ಐರಿಷ್ ಮನುಷ್ಯನ ಕಂಚಿನ ಪ್ರತಿಮೆ ಇದೆ. ಥಾಮಸ್ ಫ್ರಾನ್ಸಿಸ್ ಮಾರ್ ಅವನ ಹೆಸರು. ಗವರ್ನರನ ಕುರ್ಚಿಯಲ್ಲಿ ಕೂತದ್ದು ಎರಡು ವರ್ಷವೂ ಇಲ್ಲ, ಅದೂ ಹಂಗಾಮಿಯಾಗಿ. ಅವನು ಕರೆದ ಶಾಸನಸಭೆ ಮಾಡಿದ ಕಾನೂನುಗಳನ್ನು ವಾಷಿಂಗ್ಟನ್ನಿನ ಕಾಂಗ್ರೆಸ್ ಸಾರಾಸಗಟಾಗಿ ರದ್ದು ಮಾಡಿತು. ಕೊನೆಗೆ ನದಿಗೆ ಬಿದ್ದು ಹೋದ, ಹೆಣವೂ ಸಿಗಲಿಲ್ಲ. ಇಂಥವನಿಗೆ ರಾಜಧಾನಿಯ ಅಂಗಳದಲ್ಲಿ ಕುದುರೆ ಹೇಗೆ ಸಿಕ್ಕಿತು ಎಂಬ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು.

ಜೂನ್ ಕೊನೆಯಲ್ಲಿ ಭದ್ರಾವತಿಯಿಂದ ಭಾವ ಸಿಯಾಟಲ್‌ಗೆ ಬಂದಿದ್ದರು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಯಲ್ಲೋಸ್ಟೋನ್‌ಗೆ ಹೋಗೋಣವೇ ಎಂದರೆ, "ಅದರ ಫೋಟೊ ನೋಡಿ ನೋಡಿ ಸಾಕಾಗಿದೆ. ಯಾವುದಾದರೂ ದೊಡ್ಡ ನದಿ ಹುಟ್ಟುವ ಕಡೆ ಕರೆದುಕೊಂಡು ಹೋಗು" ಎಂದರು. ನನ್ನ ಗವರ್ನರ್, ಅವರ ನದಿ, ಎರಡೂ ಒಂದೇ ದಾರಿಯಲ್ಲಿದ್ದವು.

ಸೋಮವಾರ, ಬ್ಯೂಟ್

ಸಿಯಾಟಲ್‌ನಿಂದ ಬ್ಯೂಟ್‌ಗೆ ಸುಮಾರು 950 ಕಿಲೋಮೀಟರ್. ಒಂದೇ ದಿನದಲ್ಲಿ ಮುಗಿಸಬೇಕೆಂದರೆ ಕತ್ತಲಿರುವಾಗಲೇ ಹೊರಡಬೇಕು; ಮೊಂಟಾನಾ ಹೊಕ್ಕಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಓಡುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೆದ್ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಲುಕೌಟ್ ಘಟ್ಟ ದಾಟಿ ಮೊಂಟಾನಾ ಪ್ರವೇಶಿಸಿದ ಮೇಲೆ ವೇಗದ ಮಿತಿ ಗಂಟೆಗೆ 80 ಮೈಲಿ ಎಂಬ ಫಲಕ ಕಂಡು ಭಾವ ಸೀಟ್ ಬೆಲ್ಟ್ ಇನ್ನೊಮ್ಮೆ ಎಳೆದು ನೋಡಿಕೊಂಡರು.

ಬ್ಯೂಟ್ ತಾಮ್ರದ ಊರು. ಮನೆಗಳ ನಡುವೆಯೇ ಗಣಿಯ ಕಪ್ಪು ಕಬ್ಬಿಣದ ಗೋಪುರಗಳು ನಿಂತಿವೆ. ಕೆಳಗೆ ಹೋದ ಕಾರ್ಮಿಕರನ್ನು ಇಳಿಸಿ ಹತ್ತಿಸುತ್ತಿದ್ದ ರಾಟೆಗಳು ಈಗಲೂ ಅವುಗಳ ತುದಿಯಲ್ಲಿವೆ. 1900ರ ಹೊತ್ತಿಗೆ ಈ ಊರಿನ ಜನಸಂಖ್ಯೆಯಲ್ಲಿ ಸುಮಾರು ಕಾಲುಭಾಗ ಐರಿಷರೇ. ಅವರಿಗೆ ಕೆಲಸ ಕೊಟ್ಟ ಮಾರ್ಕಸ್ ಡಾಲಿಯೂ ಕ್ಯಾವನ್ ಜಿಲ್ಲೆಯಿಂದ ಬರಿಗೈಯಲ್ಲಿ ಬಂದು ತಾಮ್ರದ ದೊರೆಯಾದವನು. ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಹೆಲೆನಾದ ಪ್ರತಿಮೆಗೆ ದುಡ್ಡು ಕೂಡಿಸಿದ್ದು ಬ್ಯೂಟ್ ಮತ್ತು ಅನಕೊಂಡಾದ ಐರಿಷ್ ಸಂಘಗಳು. ಡಾಲಿ ಬೆನ್ನಿಗೆ ನಿಂತಿದ್ದ. ಆದರೆ 1900ರಲ್ಲೇ ತೀರಿಕೊಂಡ, 1905ರ ಜುಲೈ 4ರಂದು ಪರದೆ ಸರಿದದ್ದನ್ನು ನೋಡಲಿಲ್ಲ. ಗಣಿಯೊಳಗೆ ಬೆವರು ಹರಿಸುತ್ತಿದ್ದ ಜನಕ್ಕೆ ನಾವೂ ಈ ರಾಜ್ಯ ಕಟ್ಟಿದವರು ಎಂದು ಹೇಳಿಕೊಳ್ಳಲು ಒಬ್ಬ ವೀರ ಬೇಕಿತ್ತು. ಕುದುರೆ ಏರಿಸಲು ಯೋಗ್ಯನಾದವನು ಸಿದ್ಧನಾಗಿಯೇ ಇದ್ದ.

ರಾತ್ರಿಯ ಊಟಕ್ಕೆ ಪ್ಯಾಸ್ಟಿ ಅಂಗಡಿಗೆ ಹೋದೆವು. ಕಾರ್ನ್‌ವಾಲ್‌ನ ಗಣಿ ಕಾರ್ಮಿಕರು ತಂದ ತಿನಿಸು: ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಅಂಚು ಮಡಿಚಿ ಬೇಯಿಸಿದ ದಪ್ಪ ಕಡುಬು. ನಾನು ತಿಂದೆ. ಸಸ್ಯಾಹಾರಿ ಭಾವನಿಗೆ ಅಂಗಡಿಯಾಕೆ ಆಲೂಗಡ್ಡೆ ತುರಿದು ಹುರಿದು, ಮೇಲೆ ಒಂದು ಬಟ್ಟಲು ಎಲೆಕೋಸಿನ ಕೋಸಂಬರಿಯಂಥದ್ದನ್ನು ಕೊಟ್ಟಳು. ಪಕ್ಕದ ಮೇಜಿನ ಮುದುಕ, ಮೂರು ತಲೆಮಾರು ಗಣಿಯಲ್ಲೇ ಕಳೆದ ಮನೆತನದವನಂತೆ, ನಾವು ಯಾರನ್ನು ಹುಡುಕಿ ಬಂದಿದ್ದೇವೆಂದು ಕೇಳಿ ಜೋರಾಗಿ ನಕ್ಕ. "ನಮ್ಮಜ್ಜಿಯ ಮನೆಯಲ್ಲಿ ಗೋಡೆಗೆ ಎರಡೇ ಚಿತ್ರ. ಒಂದು ಯೇಸು, ಇನ್ನೊಂದು ಮಾರ್. ಅವನು ಕುಡಿದು ನದಿಗೆ ಬಿದ್ದ ಎಂದು ಯಾರಾದರೂ ಅಂದರೆ ಅಜ್ಜಿ ಅವರಿಗೆ ಚಹಾ ಕೊಡುತ್ತಿರಲಿಲ್ಲ."

ಮಂಗಳವಾರ, ವರ್ಜೀನಿಯಾ ಸಿಟಿ

ಬೆಳಿಗ್ಗೆ ಬರ್ಕ್ಲಿ ಹೊಂಡ ನೋಡಿ ಹೊರಟೆವು. ತೆರೆದ ಗಣಿಯ ಹಳ್ಳದಲ್ಲಿ ತುಂಬಿದ ಆಮ್ಲದ ನೀರು ಅದು. 1995ರಲ್ಲಿ ಅದರ ಮೇಲೆ ಇಳಿದ ನೂರಾರು ಹಿಮಬಾತುಗಳು ಸತ್ತವು. ಭಾವ ಕಟಕಟೆ ಹಿಡಿದು ಬಹಳ ಹೊತ್ತು ನಿಂತು, "ಇದನ್ನು ಪಂಪ್ ಮಾಡುತ್ತಲೇ ಇರಬೇಕು, ನಿಲ್ಲಿಸುವ ಹಾಗೇ ಇಲ್ಲ" ಎಂದು ಇಲಾಖೆಯ ದನಿಯಲ್ಲಿ ವರದಿ ಕೊಟ್ಟರು.

ವೈಟ್‌ಹಾಲ್ ದಾಟಿ, ಟ್ವಿನ್ ಬ್ರಿಜಸ್, ಶೆರಿಡನ್ ಹಾದು ಹೋಗುವ ರಸ್ತೆ ಚೆನ್ನ. ಎರಡೂ ಕಡೆ ಹುಲ್ಲುಗಾವಲು, ನೀರು ಹಾಯಿಸುವ ಉದ್ದನೆಯ ಚಕ್ರದ ಕೊಳವೆಗಳು, ದೂರದಲ್ಲಿ ಇನ್ನೂ ಹಿಮ ಹೊತ್ತ ಬೆಟ್ಟಗಳು. ಆಲ್ಡರ್ ಎಂಬ ಹಳ್ಳಿ ದಾಟಿದ ಮೇಲೆ ನೋಟ ಬದಲಾಯಿತು. ಕಣಿವೆಯುದ್ದಕ್ಕೂ ಬರೀ ಜಲ್ಲಿಯ ಗುಡ್ಡೆಗಳು. 1863ರ ಮೇ 26ರಂದು ಇಲ್ಲಿನ ತೊರೆಯಲ್ಲಿ ಚಿನ್ನ ಸಿಕ್ಕಿತು. ಆಮೇಲೆ ಯಂತ್ರಗಳು ಬಂದು ತೊರೆಯ ಹೊಟ್ಟೆಯನ್ನೇ ಬಗೆದು ಹಾಕಿ ಹೋದವು. ನೂರು ವರ್ಷ ಕಳೆದರೂ ಹುಲ್ಲು ಸರಿಯಾಗಿ ಹಿಡಿದಿಲ್ಲ.

ಈ ಕಣಿವೆಗೆ ಮಾರ್ ಬಂದದ್ದು 1865ರ ಶರತ್ಕಾಲದಲ್ಲಿ. ಅಷ್ಟರಲ್ಲಿ ಅವನು ಮೂರು ಬಾಳು ಬಾಳಿಯಾಗಿತ್ತು. ಹುಟ್ಟಿದ್ದು 1823ರಲ್ಲಿ ವಾಟರ್‌ಫರ್ಡ್‌ನಲ್ಲಿ; ನಮ್ಮ ಕಿತ್ತೂರಿನ ಕದನಕ್ಕೆ ಒಂದು ವರ್ಷ ಮೊದಲು. ಅಪ್ಪ ಶ್ರೀಮಂತ ವ್ಯಾಪಾರಿ, ಆ ಊರಿನ ಮೇಯರ್ ಆದವನು. ಮಗ ಮಾತಿನ ಮಲ್ಲ. 1846ರಲ್ಲಿ ಡಬ್ಲಿನ್‌ನ ಸಭೆಯಲ್ಲಿ, ಸ್ವಾತಂತ್ರ್ಯಕ್ಕಾಗಿ ಕತ್ತಿ ಹಿಡಿಯುವುದನ್ನು ನಾನು ಖಂಡಿಸಲಾರೆ ಎಂದು ಗುಡುಗಿದ. ಅಲ್ಲಿಂದ ಅವನ ಹೆಸರಿಗೆ ಕತ್ತಿ ಅಂಟಿಕೊಂಡಿತು. 1848ರ ಮಾರ್ಚ್ 7ರಂದು ವಾಟರ್‌ಫರ್ಡ್‌ನ ಕಿಟಕಿಯೊಂದರಿಂದ ಹಸಿರು, ಬಿಳಿ, ಕಿತ್ತಳೆಯ ಬಾವುಟ ಹಾರಿಸಿದ. ಇವತ್ತು ಐರ್ಲೆಂಡಿನ ರಾಷ್ಟ್ರಧ್ವಜ ಅದೇ. ಹಸಿರು ಕ್ಯಾಥೊಲಿಕರು, ಕಿತ್ತಳೆ ಪ್ರಾಟೆಸ್ಟೆಂಟರು, ನಡುವಿನ ಬಿಳಿ ಇಬ್ಬರ ನಡುವಿನ ಶಾಶ್ವತ ಶಾಂತಿ ಎಂದು ಅವನೇ ವಿವರಿಸಿದ. ಅದೇ ಬೇಸಿಗೆಯಲ್ಲಿ ಬ್ರಿಟಿಷರ ವಿರುದ್ಧ ಎದ್ದ ದಂಗೆ ಬಾಲಿಂಗ್ಯಾರಿಯಲ್ಲಿ ಶುರುವಾಗುತ್ತಲೇ ಮುಗಿಯಿತು. ಕ್ಲಾನ್‌ಮೆಲ್‌ನ ನ್ಯಾಯಾಲಯ ಗಲ್ಲು ವಿಧಿಸಿತು. ಆಮೇಲೆ ಅದು ಗಡೀಪಾರಾಗಿ, ಇಂದಿನ ಟಾಸ್ಮೇನಿಯಾಕ್ಕೆ ಅಟ್ಟಿದರು. ಅದು ಅವರ ಕರಿನೀರು. 1852ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿದ. ಟಾಸ್ಮೇನಿಯಾದಲ್ಲಿ ಮದುವೆಯಾಗಿದ್ದ, ಅಲ್ಲೇ ಹುಟ್ಟಿದ ಕೂಸು ಅಲ್ಲಿಯ ರಿಚ್ಮಂಡ್‌ನ ಚರ್ಚಿನ ಬಳಿ ಮಣ್ಣಾಯಿತು, ಹೆಂಡತಿ 1854ರಲ್ಲಿ ವಾಟರ್‌ಫರ್ಡ್‌ನಲ್ಲಿ ತೀರಿಕೊಂಡಳು.

ನ್ಯೂಯಾರ್ಕ್‌ನಲ್ಲಿ ಭಾಷಣಕಾರ, ವಕೀಲ, ಪತ್ರಿಕೆಯ ಸಂಪಾದಕ. ಶ್ರೀಮಂತ ಮನೆತನದ ಎಲಿಜಬೆತ್ ಟೌನ್‌ಸೆಂಡ್‌ಳ ಗಂಡ. ಅಮೆರಿಕದ ಅಂತರ್ಯುದ್ಧ ಬಂದಾಗ ಉತ್ತರದ ಪರವಾಗಿ ಐರಿಷ್ ಬ್ರಿಗೇಡ್ ಕಟ್ಟಿ ಬ್ರಿಗೇಡಿಯರ್ ಜನರಲ್ ಆದ. 1862ರ ಡಿಸೆಂಬರ್ 13ರಂದು ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಟೋಪಿಗೆ ಹಸಿರು ಎಲೆ ಸಿಕ್ಕಿಸಿಕೊಂಡು ಗುಡ್ಡದ ಕಲ್ಲುಗೋಡೆಯ ಕಡೆ ನುಗ್ಗಿದ ಅವನ ಸುಮಾರು 1,200 ಜನರಲ್ಲಿ 545 ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಅವನು ಮಾತ್ರ ಮೊಣಕಾಲು ನೋವೆಂದು ಹಿಂದಕ್ಕೆ ಬಂದಿದ್ದ ಎಂಬ ದೂರು ಕೊನೆಯವರೆಗೂ ಬೆನ್ನು ಬಿಡಲಿಲ್ಲ.

ವರ್ಜೀನಿಯಾ ಸಿಟಿ ಇವತ್ತು ಪ್ರವಾಸಿಗರಿಗಾಗಿ ಬದುಕಿರುವ ಊರು. ಮರದ ಹಲಗೆಯ ಕಾಲುದಾರಿ, ಹಳೆಯ ಅಂಗಡಿಗಳ ಗಾಜಿನ ಹಿಂದೆ ಹಳೆಯ ತಕ್ಕಡಿ, ಹಳೆಯ ಬೂಟು. ಎತ್ತರ 5,700 ಅಡಿ ಇರಬಹುದು. ಮೇಲಿನ ಗುಡ್ಡಕ್ಕೆ ಹತ್ತುವಾಗ ಏದುಸಿರು ಬಂತು. ಆ ಗುಡ್ಡದ ಮೇಲೆ 1864ರ ಜನವರಿ 14ರಂದು ಒಟ್ಟಿಗೇ ನೇಣಿಗೇರಿದ ಐವರ ಗೋರಿಗಳಿವೆ. ದರೋಡೆಕೋರರೆಂದು ಅವರನ್ನು ಕೊಂದದ್ದು ಸರ್ಕಾರದ ನ್ಯಾಯಾಲಯವಲ್ಲ, ಊರಿನ ಪ್ರಮುಖರೇ ಕಟ್ಟಿಕೊಂಡ ವಿಜಿಲಾಂಟಿ ಕೂಟ.

ಮಾರ್ ಬಂದಾಗ ಇಲ್ಲಿ ನಿಜವಾದ ಅಧಿಕಾರ ಇದ್ದದ್ದು ಆ ಕೂಟದ ಕೈಯಲ್ಲೇ. ಅವನ ಹುದ್ದೆ, ಆಗಿನ್ನೂ ರಾಜ್ಯವಾಗಿರದ ಮೊಂಟಾನಾ ಪ್ರಾಂತ್ಯದ ಕಾರ್ಯದರ್ಶಿಯದು. ಗವರ್ನರ್ ಎಡ್ಜರ್ಟನ್ ಕಾಗದಪತ್ರ ಒಪ್ಪಿಸಿ ಪೂರ್ವಕ್ಕೆ ಹೊರಟುಹೋದ. ಕಾರ್ಯದರ್ಶಿಯೇ ಹಂಗಾಮಿ ಗವರ್ನರ್ ಆದ. ಶಾಸನಸಭೆ ಕರೆಯುವ ಅಧಿಕಾರ ನನಗಿಲ್ಲ ಎಂದು ಮೊದಲು ಹೇಳಿದವನೇ ಕೆಲವು ವಾರಗಳಲ್ಲಿ ಮನಸ್ಸು ಬದಲಿಸಿ ಕರೆದ. ರಿಪಬ್ಲಿಕನ್ನರು ಕೆಂಡವಾದರು. ಡೆಮಾಕ್ರಟರು ಹಿಗ್ಗಿದರು, ಅವರಲ್ಲಿ ಎಷ್ಟೋ ಜನ ನಿನ್ನೆಮೊನ್ನೆ ಅವನೆದುರು ಯುದ್ಧದಲ್ಲಿ ನಿಂತ ದಕ್ಷಿಣದ ಪಕ್ಷಪಾತಿಗಳು. 1866ರಲ್ಲಿ ಹೆಲೆನಾದಲ್ಲಿ ಸಂವಿಧಾನ ಸಭೆ ಸೇರಿಸಿದ; ಅಲ್ಲಿ ಬರೆದ ಕರಡು ಅಚ್ಚಿಗೆಂದು ಸೇಂಟ್ ಲೂಯಿಸ್‌ಗೆ ಹೋಗುವ ದಾರಿಯಲ್ಲಿ ಕಳೆದೇ ಹೋಯಿತು! 1867ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಆ ಅಧಿವೇಶನಗಳ ಕಾನೂನುಗಳನ್ನೆಲ್ಲ ಅಳಿಸಿ ಹಾಕಿತು. ಇಷ್ಟೆಲ್ಲ ಕೇಳಿದ ಭಾವ ಐಸ್‌ಕ್ರೀಂ ನೆಕ್ಕುತ್ತ, "ಹಂಗಾಮಿ ಎಂದರೆ ಫೈಲಿಗೆ ಸಹಿ ಹಾಕಿ ಸುಮ್ಮನಿರಬೇಕು. ಇವನಿಗೆ ಅದು ಬರಲಿಲ್ಲ" ಎಂದರು. ಸೇವಾನಿಯಮ ಬಲ್ಲವರ ಮಾತು.

ಬುಧವಾರ, ಮೂರು ನದಿ ಸೇರುವಲ್ಲಿ

ವರ್ಜೀನಿಯಾ ಸಿಟಿಯಿಂದ ಎನಿಸ್ ಕಡೆಗೆ ಘಟ್ಟ ಇಳಿಯುವ ಮುಂಚೆ ನೋಡುವ ಕಟ್ಟೆಯೊಂದಿದೆ. ಅಲ್ಲಿ ಗಾಡಿ ನಿಲ್ಲಿಸದೆ ಹೋಗಬಾರದು. ಕೆಳಗೆ ಮ್ಯಾಡಿಸನ್ ಕಣಿವೆ ಇಡೀ ಬಿಚ್ಚಿಕೊಳ್ಳುತ್ತದೆ; ಮೋಡದ ನೆರಳುಗಳು ಒಂದರ ಹಿಂದೊಂದು ಹುಲ್ಲಿನ ಮೇಲೆ ಸರಿಯುತ್ತಿರುತ್ತವೆ. ಎನಿಸ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಂಡದ್ದು ಒಳ್ಳೆಯದಾಯಿತು, ಮುಂದೆ ಬಹಳ ದೂರ ಮೊಬೈಲ್ ಸಂಕೇತವೂ ಇಲ್ಲ. ನಾರಿಸ್ ಹತ್ತಿರ ಎದುರಿನಿಂದ ಬಂದ ಜಲ್ಲಿ ಲಾರಿಯಿಂದ ಕಲ್ಲೊಂದು ಸಿಡಿದು ಮುಂಗಾಜಿಗೆ ಬಡಿಯಿತು. ಕಡಲೆಕಾಳಿನಷ್ಟು ಗುರುತು, ಅದರಿಂದ ಎರಡು ಗೆರೆ. ಭಾವ ಪೆಟ್ಟಿಗೆಯಿಂದ ಅಂಟುಪಟ್ಟಿ ತೆಗೆದು ಮೇಲೆ ಹಚ್ಚಿದರು: "ಗೆರೆ ಬೆಳೆಯುತ್ತದೋ ಇಲ್ಲವೋ ಗೊತ್ತಾಗಲು ಪೆನ್ನಿನಿಂದ ಅಂಚಿಗೆ ಗುರುತು ಹಾಕು. ಅಣೆಕಟ್ಟಿನ ಬಿರುಕಿಗೂ ನಾವು ಹಾಗೇ ಮಾಡುತ್ತಿದ್ದೆವು."

ತ್ರೀ ಫೋರ್ಕ್ಸ್ ಬಳಿ ಜೆಫರ್ಸನ್ ಮತ್ತು ಮ್ಯಾಡಿಸನ್ ನದಿಗಳು ಕೂಡಿ ಮಿಸ್ಸೂರಿಯಾಗುತ್ತವೆ. ತುಸು ಕೆಳಗೆ ಗ್ಯಾಲಟಿನ್ ಬಂದು ಸೇರುತ್ತದೆ. 1805ರ ಜುಲೈಯಲ್ಲಿ ಇಲ್ಲಿಗೆ ತಲುಪಿದ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಅಂದಿನ ಅಧ್ಯಕ್ಷನ, ವಿದೇಶ ಕಾರ್ಯದರ್ಶಿಯ, ಖಜಾನೆ ಕಾರ್ಯದರ್ಶಿಯ ಹೆಸರು ಇಟ್ಟರು. ಗ್ಯಾಲಟಿನ್ ಕೂಡ ಜಿನೀವಾದಿಂದ ವಲಸೆ ಬಂದವನೇ. ಸಂಗಮದಲ್ಲಿ ಗುಡಿ ಇಲ್ಲ, ಘಟ್ಟವಿಲ್ಲ, ಒಂದು ಮರದ ಬೆಂಚು ಮಾತ್ರ ಇದೆ ಎಂದು ಭಾವನಿಗೆ ಬೇಸರವಾಯಿತು. ಸೊಳ್ಳೆಗಳಿಗೆ ಬರವಿರಲಿಲ್ಲ, ಜೂನ್‌ನಲ್ಲಿ ಹೋಗುವವರು ತೋಳು ಮುಚ್ಚುವ ಅಂಗಿ ತೊಡುವುದು ಲೇಸು. ಆದರೂ ಅವರು ಕಾಲುಚೀಲ ಕಳಚಿ ನೀರಿಗಿಳಿದು, ಮೂರು ಸಲ ತಲೆಗೆ ಪ್ರೋಕ್ಷಿಸಿಕೊಂಡು, "ಐಸು!" ಎಂದು ಕೂಗಿ ಮೇಲೆ ಬಂದರು. ಬುತ್ತಿಯ ಚಪಾತಿ, ಚಟ್ನಿಪುಡಿ ಅಲ್ಲೇ ಖಾಲಿಯಾದವು.

ಸಂಜೆ ಟೌನ್‌ಸೆಂಡ್ ದಾಟುವಾಗ ಆಲಿಕಲ್ಲು. ಹತ್ತು ನಿಮಿಷ ಸೇತುವೆಯೊಂದರ ಅಡಿಯಲ್ಲಿ ಇತರ ಗಾಡಿಗಳ ಜೊತೆ ಸಾಲಾಗಿ ನಿಂತೆವು. ಕುದುರೆ ಸಾಗಿಸುವ ಗಾಡಿಯವನು ನಮಗೆ ಹಕಲ್‌ಬೆರಿ ಮಿಠಾಯಿ ಕೊಟ್ಟ. ಮೊಂಟಾನಾದಲ್ಲಿ ಈ ನೇರಳೆ ಬಣ್ಣದ ಕಾಡುಹಣ್ಣನ್ನು ಹಾಕದ ತಿಂಡಿಯೇ ಇಲ್ಲ.

ಗುರುವಾರ, ಹೆಲೆನಾ

ತಾಮ್ರದ ಗುಮ್ಮಟದ ಶಾಸನಸಭೆ, ಮುಂದೆ ಅಚ್ಚುಕಟ್ಟಾದ ಹುಲ್ಲುಹಾಸು, ಅದರ ನಡುವೆ ಮಾರ್. ಶಿಲ್ಪಿ ಚಾರ್ಲ್ಸ್ ಮಲ್ಲಿಗನ್ ಕೂಡ ಐರ್ಲೆಂಡಿನಲ್ಲಿ ಹುಟ್ಟಿ ಷಿಕಾಗೊ ಸೇರಿದವನು. ಕುದುರೆಯ ಕತ್ತಿನ ನರಗಳೂ ಕಾಣುವ ಹಾಗೆ ಮಾಡಿದ್ದಾನೆ. ಸವಾರನ ಮುಖದಲ್ಲಿ ಮಾತ್ರ ಯಾವ ಸಂಶಯವೂ ಇಲ್ಲ. ಪೀಠದ ಮೇಲೆ ಅವನ ಭಾಷಣದ ಸಾಲುಗಳಿವೆ. ಹುಲ್ಲು ಕತ್ತರಿಸುತ್ತಿದ್ದವನು ಯಂತ್ರ ನಿಲ್ಲಿಸಿ, "ಬರುವವರಲ್ಲಿ ಅರ್ಧ ಜನ ಇವನನ್ನು ಜನರಲ್ ಕಸ್ಟರ್ ಅಂದುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ತಿದ್ದುವುದನ್ನು ಬಿಟ್ಟಿದ್ದೇನೆ" ಎಂದ.

ಒಳಗೆ ಹೋದರೆ ಇನ್ನೊಂದು ಕಂಚಿನ ಪ್ರತಿಮೆ ಇದೆ: ವಿಲ್ಬರ್ ಸ್ಯಾಂಡರ್ಸ್. ವಿಜಿಲಾಂಟಿಗಳ ವಕೀಲ, ರಿಪಬ್ಲಿಕನ್ನರ ನಾಯಕ, ಮಾರ್‌ನ ಕಡು ವೈರಿ, ಮುಂದೆ ಸೆನೆಟರ್ ಆದವನು. ಒಬ್ಬ ಬಿಸಿಲಲ್ಲಿ ಕುದುರೆಯ ಮೇಲೆ, ಇನ್ನೊಬ್ಬ ನೆರಳಲ್ಲಿ ಕಾಲ ಮೇಲೆ. ಬದುಕಿದ್ದಾಗ ಒಂದೇ ಕೋಣೆಯಲ್ಲಿ ಕೂರಲಾರದವರಿಗೆ ರಾಜ್ಯ ಒಂದೇ ವಿಳಾಸ ಕೊಟ್ಟಿದೆ. ಶಾಸಕರ ಸಭಾಂಗಣದಲ್ಲಿ ಚಾರ್ಲ್ಸ್ ರಸೆಲ್ 1912ರಲ್ಲಿ ಬರೆದ ದೊಡ್ಡ ಚಿತ್ರವಿದೆ. ಸಭಾಧ್ಯಕ್ಷರ ಪೀಠದ ಹಿಂದಿನ ಇಡೀ ಗೋಡೆಯಲ್ಲಿ ಕುದುರೆ ಏರಿದ ಮೂಲನಿವಾಸಿಗಳೇ ತುಂಬಿದ್ದಾರೆ. ಲೂಯಿಸ್, ಕ್ಲಾರ್ಕ್ ಬದಿಯಲ್ಲೆಲ್ಲೋ ನಿಂತಿದ್ದಾರೆ. ಇಡೀ ಕಟ್ಟಡದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಅದು.

ಸ್ಯಾಂಡರ್ಸ್ ಮತ್ತು ಮಾರ್ ನಡುವಿನ ಜಗಳದ ತೀವ್ರತೆ ತಿಳಿಯಬೇಕಾದರೆ ಜೇಮ್ಸ್ ಡೇನಿಯಲ್ಸ್‌ನ ಕಥೆ ಸಾಕು. ಇಸ್ಪೀಟಿನ ಜಗಳದಲ್ಲಿ ಕೊಲೆ ಮಾಡಿ ಮೂರು ವರ್ಷದ ಶಿಕ್ಷೆಯಾದವನು ಅವನು. 1866ರಲ್ಲಿ ಮಾರ್ ಅವನನ್ನು ಬಿಡುಗಡೆ ಮಾಡಿದ. ಆ ಅಧಿಕಾರ ಹಂಗಾಮಿ ಗವರ್ನರನಿಗೆ ಇತ್ತೇ ಎಂಬುದೇ ವಿವಾದ. ಡೇನಿಯಲ್ಸ್ ಹೆಲೆನಾಕ್ಕೆ ಬಂದ ರಾತ್ರಿಯೇ ವಿಜಿಲಾಂಟಿಗಳು ಮರಕ್ಕೆ ನೇತುಹಾಕಿದರು. ಗವರ್ನರನ ಸಹಿಯಿದ್ದ ಕಾಗದ ಹೆಣದ ಜೇಬಿನಲ್ಲೇ ಇತ್ತಂತೆ. ಆ ಸಹಿಯ ಬೆಲೆ ಎಷ್ಟೆಂದು ಊರಿಗೆಲ್ಲ ಗೊತ್ತಾಯಿತು.

ಶುಕ್ರವಾರ, ಫೋರ್ಟ್ ಬೆಂಟನ್

ಗ್ರೇಟ್ ಫಾಲ್ಸ್‌ವರೆಗೆ ಹೆದ್ದಾರಿ ಮಿಸ್ಸೂರಿಯ ಪಕ್ಕದಲ್ಲೇ, ಕೆಂಪು ಬಂಡೆಗಳ ಕಣಿವೆಯಲ್ಲಿ ಸಾಗುತ್ತದೆ. ಗಾಳ ಹಾಕುವವರ ದೋಣಿಗಳು ಅಲ್ಲಲ್ಲಿ. ಗ್ರೇಟ್ ಫಾಲ್ಸ್ ದಾಟಿದರೆ ಗೋಧಿ ಹೊಲಗಳ ಬಯಲು. ಎಲ್ಲಿಯೂ ಊರಿನ ಸುಳಿವಿಲ್ಲ. ಇದ್ದಕ್ಕಿದ್ದಂತೆ ನೆಲ ಕುಸಿದು ತಗ್ಗಿನಲ್ಲಿ ನದಿ, ಅದರ ದಂಡೆಗೆ ಅಂಟಿಕೊಂಡ ಫೋರ್ಟ್ ಬೆಂಟನ್.

ಸೇಂಟ್ ಲೂಯಿಸ್‌ನಿಂದ ಹೊರಟ ಉಗಿದೋಣಿಗಳ ಕೊನೆಯ ನಿಲ್ದಾಣ ಇದು. 1867ರ ಜುಲೈ 1ರಂದು ಮಾರ್ ಇಲ್ಲಿಗೆ ಬಂದದ್ದು ಬಂದೂಕುಗಳಿಗಾಗಿ. ಆ ವಸಂತದಲ್ಲಿ ಜಾನ್ ಬೋಜ್ಮನ್ ಎಂಬ ದಾರಿತೋರುಗನ ಕೊಲೆಯಾದಾಗ, ಮೂಲನಿವಾಸಿಗಳೇ ಕೊಂದರೆಂದು ಬಿಳಿಯರಲ್ಲಿ ಗಾಬರಿ ಹಬ್ಬಿತು. ಮಾರ್ ಆ ಗಾಬರಿಗೆ ತನ್ನ ಕಂಠವನ್ನೂ ಕೊಟ್ಟು ಸ್ವಯಂಸೇನೆ ಕಟ್ಟಿದ. ದೊಡ್ಡ ಕಾಳಗವೇನೂ ನಡೆಯಲಿಲ್ಲ. ಖರ್ಚಿನ ಪಟ್ಟಿ ಮಾತ್ರ ಉದ್ದವಾಯಿತು. 1865ರ ನವೆಂಬರ್‌ನಲ್ಲಿ ಬ್ಲ್ಯಾಕ್‌ಫೀಟ್ ಎಂಬ ಮೂಲನಿವಾಸಿ ಜನರ ಜೊತೆಗಿನ ಒಪ್ಪಂದಕ್ಕೆಂದು ಇದೇ ಊರಿಗೆ ಬಂದಿದ್ದವನೂ ಅವನೇ. ಆ ಒಪ್ಪಂದಕ್ಕೆ ಸೆನೆಟ್ ಒಪ್ಪಿಗೆ ಕೊಡಲೇ ಇಲ್ಲ.

ನನಗೆ ಅವನ ಮೇಲೆ ಸಿಟ್ಟು ಬಂದದ್ದು ಈ ದಂಡೆಯ ಮೇಲೆಯೇ. ಕುಡಿತ, ಬಾಯಿಬಡುಕತನ, ಅಧಿವೇಶನದ ಗೋಜಲು, ಇವೆಲ್ಲ ಕ್ಷಮಿಸಬಹುದಾದ ದೋಷಗಳು. ಪರರ ಆಳ್ವಿಕೆಯಲ್ಲಿ ತನ್ನ ನೆಲ ಕಳೆದುಕೊಳ್ಳುವುದು ಏನೆಂದು ಗಲ್ಲಿನ ಕಟ್ಟೆಯವರೆಗೆ ಹೋಗಿ ತಿಳಿದವನು, ಬೇರೊಬ್ಬರ ನೆಲ ಕಿತ್ತುಕೊಳ್ಳುವ ಕೆಲಸಕ್ಕೆ ಸಹಿ ಹಾಕಿದ. ಬಾವುಟದ ನಡುವಿನ ಬಿಳಿ ಮಿಸ್ಸೂರಿಯ ತನಕ ಬರಲಿಲ್ಲ. ಅವನೊಬ್ಬನೇ ಹಾಗಿರಲಿಲ್ಲ ಎನ್ನುವುದು ಸರಿ. ಹಸಿದು ಬಂದ ಲಕ್ಷಾಂತರ ಐರಿಷರಿಗೆ ಈ ದೇಶ ನೆಲ ಕೊಟ್ಟದ್ದು ಹೀಗೆಯೇ. ಆದರೆ ಅವರೆಲ್ಲ ಕತ್ತಿಯ ಭಾಷಣ ಮಾಡಿದವರಲ್ಲ.

ಆ ದಿನ ಅವನಿಗೆ ಹೊಟ್ಟೆ ಕೆಟ್ಟಿತ್ತು. ವ್ಯಾಪಾರಿ ಬೇಕರ್‌ನ ಮನೆಯಲ್ಲಿ ವಿಶ್ರಮಿಸಿದ. ಆ ಮನೆ ಇನ್ನೂ ಇದೆ, ತಗ್ಗು ಮಾಡಿನ ಚಿಕ್ಕ ಮನೆ. ರಾತ್ರಿ ಮಲಗಲು ದಡಕ್ಕೆ ಕಟ್ಟಿದ್ದ ಜಿ. ಎ. ಥಾಂಪ್ಸನ್ ಎಂಬ ಉಗಿದೋಣಿಗೆ ಹೋದ. ಹತ್ತು ಗಂಟೆಯ ಸುಮಾರಿಗೆ ಮೇಲಿನ ಅಟ್ಟದಿಂದ ನೀರಿಗೆ ಬಿದ್ದ. ವಯಸ್ಸು 43. ಎಲಿಜಬೆತ್ ವಾರಗಟ್ಟಲೆ ದಡದುದ್ದಕ್ಕೂ ಹುಡುಕಿಸಿದಳು. ಅದೇ ದಿನ ಊರಿನಲ್ಲಿ ಸ್ಯಾಂಡರ್ಸ್ ಕೂಡ ಇದ್ದ ಎಂಬ ಒಂದೇ ಸಂಗತಿ ನೂರೈವತ್ತು ವರ್ಷದ ಗುಸುಗುಸುಗೆ ಬೀಜವಾಯಿತು. ಕುಡಿತ, ಕಾಯಿಲೆ, ಆತ್ಮಹತ್ಯೆ, ಕೊಲೆ: ಯಾರಿಗೆ ಯಾವುದು ಬೇಕೋ ಅದು.

ಭಾವ ಇದಾವುದಕ್ಕೂ ಕಿವಿಗೊಡದೆ ದಂಡೆಯ ಮೇಲೆ ಎರಡು ದೀಪದ ಕಂಬಗಳ ನಡುವಿನ ದೂರವನ್ನು ಹೆಜ್ಜೆ ಹಾಕಿ ಅಳೆದರು. ಒಣ ಕೊಂಬೆಯೊಂದನ್ನು ನಡುನೀರಿಗೆ ಎಸೆದು ಗಡಿಯಾರ ಹಿಡಿದರು. ಕೊಂಬೆ ಮೊದಲು ಒಂದು ಸುತ್ತು ತಿರುಗಿ, ಆಮೇಲೆ ನೇರವಾಗಿ ಓಡಿತು. ಮತ್ತೆ ಎಸೆದರು, ಮತ್ತೆ ಹಿಡಿದರು. "ಸೆಕೆಂಡಿಗೆ ಒಂದೂವರೆ ಮೀಟರ್. ಇದು ಈಗ, ಮೇಲೆ ಇಷ್ಟೊಂದು ಅಣೆಕಟ್ಟು ಇರುವಾಗ. ಆಗ ಒಂದೂ ಇರಲಿಲ್ಲ, ಹಿಮ ಕರಗುವ ಕಾಲ ಬೇರೆ. ಬೂಟು ಹಾಕಿಕೊಂಡು ರಾತ್ರಿ ಬಿದ್ದವನಿಗೆ ತಳ್ಳುವವನು ಬೇಕಿಲ್ಲ, ಕುಡಿಯುವುದೂ ಬೇಕಿಲ್ಲ. ಭೇದಿಯಾಗಿ ಸುಸ್ತಾದವನು ಎದ್ದು ಅಟ್ಟದ ಅಂಚಿಗೆ ಹೋದ, ಅಷ್ಟೇ." ಮೂವತ್ತು ಪುಟದ ವಾದಗಳನ್ನು ಓದಿದ್ದ ನನಗೆ ಇದೇ ಹೆಚ್ಚು ನಂಬುವಂತೆ ಕಂಡಿತು.

ದಂಡೆಯಲ್ಲಿ ಮಾರ್‌ಗೂ ಒಂದು ಸ್ಮಾರಕವಿದೆ. ಆದರೆ ಜನ ಸೇರುವುದು ಶೆಪ್ ಎಂಬ ನಾಯಿಯ ಪ್ರತಿಮೆಯ ಸುತ್ತ. ಸತ್ತ ಒಡೆಯನ ಪೆಟ್ಟಿಗೆಯನ್ನು ರೈಲಿಗೆ ಹತ್ತಿಸಿದ ಮೇಲೆ 1936ರಿಂದ 1942ರವರೆಗೆ ನಿಲ್ದಾಣದಲ್ಲಿ ಪ್ರತಿ ರೈಲಿಗೂ ಕಾದ ನಾಯಿ ಅದು. ವಸ್ತುಸಂಗ್ರಹಾಲಯದ ಸ್ವಯಂಸೇವಕಿ, ಎಂಬತ್ತು ದಾಟಿದವರು, ನಮಗೆ ಇನ್ನೊಂದು ಕಥೆ ಹೇಳಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಊರಿನ ಹತ್ತಿರ ಕಲ್ಲಾದ ಮನುಷ್ಯನೊಬ್ಬ ಸಿಕ್ಕಿದ್ದಾನೆಂದು ಸುದ್ದಿಯಾಯಿತು. ಅದು ಮಾರ್‌ನ ದೇಹವೇ ಎಂದು ಟಿಕೆಟ್ ಇಟ್ಟು ತೋರಿಸಿದರು. ಜನ ದುಡ್ಡು ಕೊಟ್ಟು ನೋಡಿದರು. ಭಾವ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಕೆಯೂ ನಕ್ಕು, "ಬದುಕಿದ್ದಾಗ ಅವನ ಭಾಷಣಕ್ಕೂ ಜನ ಟಿಕೆಟ್ ಕೊಂಡೇ ಬರುತ್ತಿದ್ದರು" ಎಂದರು.

ಮೂರು ಗಂಟೆಗೆ ಪಶ್ಚಿಮದಲ್ಲಿ ಮತ್ತೆ ಮೋಡ ಕಟ್ಟಿತು. ಗಾಜಿನ ಗೆರೆ ಪೆನ್ನಿನ ಗುರುತು ದಾಟಿ ಒಂದು ಬೆರಳು ಬೆಳೆದಿತ್ತು. ಐದಕ್ಕೆ ಮುಂಚೆ ಗ್ರೇಟ್ ಫಾಲ್ಸ್‌ನ ರಿಪೇರಿ ಅಂಗಡಿ ಹಿಡಿಯಬೇಕೆಂದು ಹೊರಟೆವು.